ಹಂಡೆಗೊಂದು ಹಬ್ಬವಿತ್ತು

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆಯ ಹಂಡೆಗೆ ಸಲ್ಲುತ್ತಿದ್ದ ಮರ್ಯಾದೆ ವರ್ಷದ ಬೇರಾವ ದಿನವೂ ಸಲ್ಲುತ್ತಿರಲಿಲ್ಲ. ಹನ್ನೆರಡು ತಿಂಗಳೂ ಒಲೆಯ ಮೇಲೆ ಮಸಿ ಹಿಡಿದು ಕುಳಿತಿದ್ದ ಆ ತಾಮ್ರದ ಪಾತ್ರೆಯನ್ನು ಇಬ್ಬರು ಹಿಡಿದು ಅಂಗಳಕ್ಕೆ ತರುವರು. ಹುಣಸೆಹಣ್ಣು, ಬೂದಿ, ಇಟ್ಟಿಗೆಯ ಪುಡಿ, ತೆಂಗಿನ ನಾರುಗಳಿಂದ ಹೊರಗೂ ಒಳಗೂ ತಿಕ್ಕಿ ಬೆಳಗುವರು. ಬಳಿಕ ಅದರ ಕೊರಳಿಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುವರು. ನೀರು ತುಂಬುವ ಹಬ್ಬವೆಂದು ಅದರ ಹೆಸರು. ಹಂಡೆಯೇ ಇಲ್ಲದ ಮನೆಗಳಲ್ಲಿ ಈಗಲೂ ಒಂದು ಬಕೀಟಿಗೋ ಕೊಡಕ್ಕೋ ಅರಿಸಿನ ಕುಂಕುಮವಿಟ್ಟು ಶಾಸ್ತ್ರ ಮುಗಿಸುವವರುಂಟು.

ಈ ಹಬ್ಬದಲ್ಲೊಂದು ವಿನೋದವಿದೆ. ಹಂಡೆಯ ಹೊರಮೈಗೆ ಸುಣ್ಣ ಬಳಿಯುವ ದಿನವೇ ಅದರ ಒಳಮೈಯ ಸುಣ್ಣವನ್ನು ಕೆರೆದು ತೆಗೆಯುತ್ತಿದ್ದರು. ವರ್ಷವಿಡೀ ಕಾದ ನೀರು ತಳದಲ್ಲಿ ಬಿಟ್ಟುಹೋದ ಬಿಳಿಯ ಪೊರೆ ಹುಣಸೆಯ ಹುಳಿಗೆ ಕರಗುತ್ತದೆಂಬುದನ್ನು ಅಜ್ಜಿಯಂದಿರಿಗೆ ಯಾವ ರಸಾಯನಶಾಸ್ತ್ರದ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಹಂಡೆಗೆ ಕೈ ಹಿಡಿಸುವಷ್ಟು ಅಗಲವಾದ ಬಾಯಿಯಿತ್ತು. ಪಂಚಾಂಗದಲ್ಲಿ ಅದಕ್ಕೊಂದು ದಿನವಿತ್ತು. ಅದರ ಸ್ಥಾನಕ್ಕೆ ಬಂದ ವಿದ್ಯುತ್ ಗೀಸರಿಗೆ ಇವೆರಡೂ ಇಲ್ಲ. ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ಬಾಯಿ ಮುಚ್ಚಿಕೊಂಡು ಅದು ಕುಳಿತಿರುತ್ತದೆ. ಒಳಗೇನಾಗುತ್ತಿದೆಯೆಂದು ಇಣುಕಿ ನೋಡುವ ಅಭ್ಯಾಸ ಯಾರಿಗೂ ಇಲ್ಲ.

ಇದರ ಫಲವನ್ನು ಹೊಸಪೇಟೆಯ ಕಡೆಯವರು ಚೆನ್ನಾಗಿ ಉಣ್ಣುತ್ತಾರೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಊರಿನ ಮಗ್ಗುಲಲ್ಲೇ ಇದ್ದರೂ ಎಲ್ಲ ಮನೆಗಳ ಎಲ್ಲ ನಲ್ಲಿಗಳಲ್ಲೂ ಎಲ್ಲ ದಿನವೂ ಹೊಳೆಯ ನೀರೇ ಬರಬೇಕೆಂದಿಲ್ಲ. ನಲ್ಲಿ ನಿಂತ ದಿನ ಕೊಳವೆಬಾವಿಯೇ ಗತಿ. ಮಳೆ ಕಡಿಮೆಯಾಗಿ ಬಿಸಿಲು ಹೆಚ್ಚಾದ ಸೀಮೆ ಇದು. ಎರೆಹೊಲಗಳನ್ನು ಅಗೆದರೆ ಸುಣ್ಣದ ಹರಳುಗಳು ಸಿಕ್ಕುವುದುಂಟು. ಇಂಥ ನೆಲದಲ್ಲಿ ಬಹುಕಾಲ ಇಂಗಿ ನಿಂತ ನೀರು ಕಲ್ಲಿನ ಸತ್ವವನ್ನು ಹೀರಿಕೊಂಡೇ ಮೇಲಕ್ಕೆ ಬರುತ್ತದೆ. ಕಂಪ್ಲಿಯಲ್ಲಿ ಹೊಳೆಯ ನೀರಿನಿಂದ ಮಿಂದು ಬೆಳೆದ ಹೆಣ್ಣುಮಗಳು ಮದುವೆಯಾಗಿ ಕೊಳವೆಬಾವಿಯ ಮನೆಗೆ ಬಂದರೆ ಮೊದಲ ವಾರದಲ್ಲೇ ವ್ಯತ್ಯಾಸ ಕಾಣುತ್ತಾಳೆ: ಸಾಬೂನು ನೊರೆಯಾಗದೆ ಒಡೆದ ಹಾಲಿನಂತಾಗುವುದು, ತೊಗರಿಬೇಳೆ ಹೊತ್ತಿಗೆ ಬೇಯದೆ ಅತ್ತೆಯ ಮುಂದೆ ಮಾನ ಕಳೆಯುವುದು, ತಲೆಗೂದಲು ನಾರಿನಂತಾಗುವುದು. ‘ಉಪ್ಪುನೀರು’ ಎಂದು ಜನ ಹೇಳುವ ಈ ನೀರಿನಲ್ಲಿ ಅಡಿಗೆಯ ಉಪ್ಪೇ ಇರಬೇಕಾದ್ದಿಲ್ಲ. ಗಡಸು ನೀರು ಎಂಬುದೇ ಸರಿಯಾದ ಮಾತು.

ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲವೆಂದಾಗ 600ರವರೆಗೆ ಒಪ್ಪಬಹುದು. ಇವೆರಡರ ನಡುವಿನ 300 ಎಂದೇ ಲೆಕ್ಕ ಹಿಡಿಯೋಣ. ದಿನಕ್ಕೆ ನೂರು ಲೀಟರು ಬಿಸಿನೀರು ಬಳಸುವ ಸಂಸಾರದ ಗೀಸರಿನ ಮೂಲಕ ದಿನವೂ 30 ಗ್ರಾಂ, ವರ್ಷಕ್ಕೆ ಸುಮಾರು 11 ಕಿಲೋ ಕಲ್ಲು ಕರಗಿದ ರೂಪದಲ್ಲಿ ಹಾದುಹೋಗುತ್ತದೆ. ಅದರ ಹತ್ತರಲ್ಲೊಂದು ಪಾಲು ಒಳಗೇ ಉಳಿದರೂ ಒಂದು ಕಿಲೋಗೆ ಮಿಗಿಲಾಯಿತು.

ಉಳಿಯುವ ಬಗೆ ಹೀಗೆ. ಮಳೆಯ ನೀರು ಮಣ್ಣಿನೊಳಗಿನ ಇಂಗಾಲಾಮ್ಲ ವಾಯುವನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸಿ ಬೈಕಾರ್ಬೊನೇಟ್ ಆಗಿ ಹೊತ್ತು ತರುತ್ತದೆ. ನೀರನ್ನು ಕಾಯಿಸಿದಾಗ ವಾಯು ಹಾರಿಹೋಗುತ್ತದೆ, ಕಲ್ಲು ಮರಳಿ ಕಲ್ಲಾಗುತ್ತದೆ. ಸಕ್ಕರೆ ಉಪ್ಪುಗಳು ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಈ ಸುಣ್ಣಕಲ್ಲಿನ ಸ್ವಭಾವ ತದ್ವಿರುದ್ಧ. ಆದ್ದರಿಂದಲೇ ಎಲ್ಲಕ್ಕಿಂತ ಹೆಚ್ಚು ಕಾದ ಸ್ಥಳದಲ್ಲಿ, ಎಂದರೆ ಕಾಯಿಸುವ ಕೊಳವೆಯ ಮೈಮೇಲೆಯೇ, ಅದು ಮೊದಲು ನೆಲೆಯೂರುತ್ತದೆ.

ಹಂಪೆಗೆ ಹೋದವರು ವಿರೂಪಾಕ್ಷನ ಗೋಪುರವನ್ನು ತಲೆಯೆತ್ತಿ ನೋಡುತ್ತಾರೆ. ಅದರ ಮೇಲಂತಸ್ತುಗಳು ಇಟ್ಟಿಗೆ ಗಾರೆಯವು. ಸುಟ್ಟ ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಮರಳಿ ಪಡೆದು ಕಲ್ಲಾಗುತ್ತದೆ; ಶತಮಾನಗಳ ಮಳೆ ಗಾಳಿಗಳಿಗೆ ಅದು ಜಗ್ಗಿಲ್ಲ. ಗೀಸರಿನ ಕೊಳವೆಗೆ ಅಂಟಿದ ಪೊರೆಯೂ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಗೋಪುರವನ್ನು ಹಿಡಿದು ನಿಲ್ಲಿಸಿದ್ದು ಸ್ನಾನದ ಮನೆಯಲ್ಲಿ ಸುಲಭವಾಗಿ ಬಿಟ್ಟುಹೋದೀತೆಂದು ನಿರೀಕ್ಷಿಸುವುದು ತಪ್ಪು. ಜರ್ಮನಿಯ ಐಫೆಲ್ ಬೆಟ್ಟಗಳಿಂದ ಕಲೋನ್ ನಗರಕ್ಕೆ ರೋಮನರು ನೀರು ತಂದ ಕಾಲುವೆಯಲ್ಲಿ ಇಂಥದೇ ಪೊರೆ ಎಷ್ಟು ದಪ್ಪನಾಗಿ ಬೆಳೆದಿತ್ತೆಂದರೆ, ಮಧ್ಯಯುಗದ ಜನ ಅದನ್ನು ಕಿತ್ತು, ನಯಮಾಡಿ, ಚರ್ಚುಗಳ ಕಂಬಗಳಿಗೆ ಅಮೃತಶಿಲೆಯಂತೆ ಬಳಸಿಕೊಂಡರು. ಅಲ್ಲಿ ನೀರನ್ನು ಯಾರೂ ಕಾಯಿಸಿರಲೂ ಇಲ್ಲ.

ಹೊಸಪೇಟೆಯ ನಿವೃತ್ತ ವಿಜ್ಞಾನದ ಮೇಷ್ಟರೊಬ್ಬರ ಮನೆಯ 25 ಲೀಟರಿನ ಗೀಸರು ಆರು ವರ್ಷ ತೆಪ್ಪಗಿದ್ದು, ಒಂದು ಚಳಿಗಾಲ ಅರಳು ಹುರಿದಂತೆ ಚಟಪಟಗುಟ್ಟತೊಡಗಿತು. ಎರಡು ಬಕೀಟಿಗೆ ಒದಗುತ್ತಿದ್ದ ಬಿಸಿನೀರು ಒಂದೂವರೆಗೆ ಇಳಿಯಿತು. ಸಂಡೂರಿನಿಂದ ಮಗಳು ಬಾಣಂತನಕ್ಕೆ ಬಂದಿದ್ದ ಸಮಯ. ಕೂಸಿನ ನೀರಿಗೇ ತತ್ವಾರವಾದ ಮೇಲೆ ಮಿಸ್ತ್ರಿಯನ್ನು ಕರೆಸಿದರು. ಅವನು ಕೆಳಗಿನ ಮುಚ್ಚಳವನ್ನು ಬಿಚ್ಚಿ ಕೊಳವೆಯನ್ನು ಎಳೆದಾಗ ಅರ್ಧ ಬಕೀಟು ಬಿಳಿಯ ಚಕ್ಕೆಗಳು ದಬದಬನೆ ಬಚ್ಚಲಿಗೆ ಸುರಿದವು. “ಮೇಷ್ಟ್ರೇ, ಇದು ಗೀಸರಲ್ರೀ, ಸುಣ್ಣದ ಭಟ್ಟಿ ಆಗೈತಿ” ಎಂದನವನು. ಮೇಷ್ಟರ ಹೆಂಡತಿ ಒಂದು ಚಕ್ಕೆಗೆ ನಿಂಬೆಹಣ್ಣು ಹಿಂಡಿದರು. ಅದು ಬುಸಬುಸನೆ ನೊರೆಯುಕ್ಕಿತು. “ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮ್ಯಾಲೆ ಬರ್ದು ತೋರ್ಸಿದ್ರಿ, ಮನಿ ಬಚ್ಚಲದಾಗ ಒಮ್ಮೆ ನೋಡಬಾರದಿತ್ತೇನ್ರಿ?” ಎಂಬ ಅವರ ಪ್ರಶ್ನೆಗೆ ಮೇಷ್ಟರಲ್ಲಿ ಉತ್ತರವಿರಲಿಲ್ಲ.

ಆ ಕೊಳವೆಯ ಮೈ ಒಂದು ಕಡೆ ಸೀಳಿತ್ತು. ಇದೇ ನಿಜವಾದ ಅಪಾಯ. ಪೊರೆ ಕಟ್ಟಿದರೆ ಕರೆಂಟಿನ ಬಿಲ್ಲು ದುಪ್ಪಟ್ಟಾಗುವುದೆಂದು ಹಲವರು ಹೆದರಿಸುವುದುಂಟು. ಅದು ಅಷ್ಟು ಸರಿಯಲ್ಲ. ಅನಿಲದ ಗೀಸರಿನಲ್ಲಿ ಶಾಖ ಹೊಗೆಯೊಡನೆ ಹೊರಗೆ ಹೋಗುವುದರಿಂದ ನಷ್ಟವುಂಟು. ವಿದ್ಯುತ್ ಗೀಸರಿನ ಕೊಳವೆಯಾದರೋ ನೀರಿನಲ್ಲೇ ಮುಳುಗಿದ್ದು, ಅದರ ಶಾಖಕ್ಕೆ ನೀರಿನ ಹೊರತು ಬೇರೆ ದಾರಿಯಿಲ್ಲ. ಆದರೆ ಆ ದಾರಿ ದುರ್ಗಮವಾಗುತ್ತದೆ. ಸುಣ್ಣದ ಪೊರೆ ತಾಮ್ರಕ್ಕಿಂತ ನೂರು ಪಟ್ಟಿಗೂ ಮಿಗಿಲಾಗಿ ಶಾಖವನ್ನು ತಡೆಯುತ್ತದೆ. ಕಂಬಳಿ ಹೊದ್ದು ಬೆಂಕಿಯಲ್ಲಿ ಕುಳಿತವನಂತೆ ಕೊಳವೆ ತಾನೇ ಬೇಯುತ್ತದೆ, ಉಬ್ಬುತ್ತದೆ, ಕೊನೆಗೆ ಬಿರಿಯುತ್ತದೆ. ಒಳಗಿನ ತಂತಿಗೂ ನೀರಿಗೂ ಸಂಪರ್ಕವಾದರೆ ವಿದ್ಯುತ್ತು ಸ್ನಾನದ ನೀರಿನಲ್ಲೇ ಹರಿದೀತು. ಅರ್ತಿಂಗ್ ತಂತಿ ಸರಿಯಾಗಿದ್ದು, ಸೋರಿಕೆಯನ್ನರಿತು ಕ್ಷಣದಲ್ಲಿ ಕರೆಂಟು ಕಡಿಯುವ ಸಾಧನವಿದ್ದ ಮನೆ ಬದುಕಿಕೊಂಡಿತು. ಮೇಷ್ಟರ ಮನೆಯಲ್ಲಿ ಪುಣ್ಯಕ್ಕೆ ಎರಡೂ ಇದ್ದವು.

ಪೊರೆಯನ್ನು ಪೂರ್ತಿ ತಪ್ಪಿಸಲಾಗದಿದ್ದರೂ ತಗ್ಗಿಸಬಹುದು. 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆಲ್ಲ ಅದು ಕಟ್ಟುವ ವೇಗ ಏರುತ್ತದೆ. ಆದರೂ ಗೀಸರಿನ ತಿರುಗುಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಕುದಿಯುವಂಥ ನೀರಿಗೆ ಎರಡರಷ್ಟು ತಣ್ಣೀರು ಬೆರೆಸಿ ಮೀಯುವ ಮನೆಗಳೇ ಹೆಚ್ಚು. 60ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಧಾರಾಳವಾಯಿತು. ಹಾಗೆಂದು 40ಕ್ಕೆ ಇಳಿಸಿ ಇಡೀ ದಿನ ಉಗುರುಬೆಚ್ಚಗೆ ಇರಿಸುವುದೂ ಸಲ್ಲದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಹಲವರ ಪ್ರಾಣ ತೆಗೆದ ಲೀಜಿಯೊನೆಲ್ಲಾ ಎಂಬ ಸೂಕ್ಷ್ಮಜೀವಿಗೆ ಬೆಚ್ಚನೆಯ ನಿಂತ ನೀರೇ ತವರು. ಹೊಳೆಯ ನೀರು ಬರುವ ಮನೆಯವರು ಮಾಳಿಗೆಯ ಮೇಲೆ ಎರಡು ತೊಟ್ಟಿಗಳನ್ನಿಟ್ಟು, ಕೊಳವೆಬಾವಿಯ ನೀರನ್ನು ಗೀಸರಿನತ್ತ ಸುಳಿಯಗೊಡದಿದ್ದರೆ ಅದಕ್ಕಿಂತ ಅಗ್ಗದ ಉಪಾಯ ಬೇರೊಂದಿಲ್ಲ.

ನೀರನ್ನೇ ಮೃದುಗೊಳಿಸುವ ವಿದ್ಯೆಯೂ ಹೊಸದೇನಲ್ಲ. ಸ್ಕಾಟ್ಲೆಂಡಿನ ಅಬರ್ಡೀನಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ 1841ರಲ್ಲಿ ಗಡಸು ನೀರಿಗೆ ಸುಣ್ಣವನ್ನೇ ಬೆರೆಸಿ ಅದರೊಳಗಿನ ಸುಣ್ಣವನ್ನು ತಳಕ್ಕಿಳಿಸುವ ವಿಧಾನಕ್ಕೆ ಹಕ್ಕು ಪಡೆದನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯ! ಇಂದು ಮನೆಗಳಿಗೆ ಮಾರುವ ಯಂತ್ರಗಳು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಸೋಡಿಯಮ್ಮನ್ನು ಬಿಡುತ್ತವೆ. ಆಗಾಗ ಉಪ್ಪು ಹಾಕಿ ಅವುಗಳಿಗೆ ಮರುಜೀವ ಕೊಡಬೇಕು. ಕೆಲಸ ಚೆನ್ನಾಗಿಯೇ ಮಾಡುತ್ತವೆ, ರಕ್ತದೊತ್ತಡದವರು ಮಾತ್ರ ಆ ನೀರನ್ನು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ನಲ್ಲಿಯ ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಸಾಕೆಂದು ಮಾರುವವರ ಮಾತಿಗೆ ದೃಢವಾದ ಆಧಾರ ಸಿಕ್ಕಿಲ್ಲ. ಆ ಹಣದಲ್ಲಿ ಮಿಸ್ತ್ರಿಯನ್ನು ಎರಡು ಬಾರಿ ಕರೆಸಬಹುದು.

ಅವನನ್ನು ಕರೆಸಲು ದೀಪಾವಳಿಯನ್ನು ಕಾಯಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಈ ಸೀಮೆಯ ಮಾಳಿಗೆಯ ತೊಟ್ಟಿಗಳಲ್ಲಿ ನೀರು ತಾನಾಗಿಯೇ ಕಾದಿರುತ್ತದೆ, ಗೀಸರಿಗೆ ಕೆಲಸವಿರುವುದಿಲ್ಲ. ಕರೆಂಟನ್ನು ಮೂಲದಲ್ಲೇ ನಿಲ್ಲಿಸಿ, ನೀರು ಆರಲು ಬಿಟ್ಟು, ಪೂರ್ತಿ ಬಸಿದು, ಕೊಳವೆಯನ್ನು ಹೊರತೆಗೆಸಿ ನಿಂಬೆ ಉಪ್ಪು ಕದಡಿದ ನೀರಿನಲ್ಲಿ ಕೆಲವು ಗಂಟೆ ನೆನೆಹಾಕಿದರೆ ಪೊರೆ ಮೆತ್ತಗಾಗಿ ಕಳಚುತ್ತದೆ. ತಂತಿ ಸೇರುವ ತುದಿ ಮಾತ್ರ ನೆನೆಯಬಾರದು. ಕಕ್ಕಸು ತೊಳೆಯುವ ಆಸಿಡ್ಡನ್ನು ಸುರಿದು ಹತ್ತು ನಿಮಿಷದಲ್ಲಿ ಮುಗಿಸುವ ಮಿಸ್ತ್ರಿಗಳೂ ಉಂಟು. ಅದು ಸುಣ್ಣದೊಡನೆ ಲೋಹವನ್ನೂ ತಿನ್ನುತ್ತದೆ, ಬ್ಲೀಚಿನೊಡನೆ ಸೇರಿದರೆ ಕ್ಲೋರಿನ್ ವಿಷವಾಯುವಾಗಿ ಏಳುತ್ತದೆ. ಒಳಗಿರುವ ಮೆಗ್ನೀಸಿಯಮ್ಮಿನ ಕಡ್ಡಿಯನ್ನೂ ಆಗಲೇ ನೋಡಿಸಬೇಕು. ತೊಟ್ಟಿಗೆ ಬರಬೇಕಾದ ತುಕ್ಕನ್ನು ತಾನು ತಿಂದು ಸವೆಯುವುದೇ ಅದರ ಕೆಲಸ. ಹಡಗಿನ ತಾಮ್ರದ ಹೊದಿಕೆಯನ್ನು ಹೀಗೆ ಬೇರೊಂದು ಲೋಹವನ್ನು ಬಲಿಗೊಟ್ಟು ಉಳಿಸಬಹುದೆಂದು ಹಂಫ್ರಿ ಡೇವಿ 1824ರಲ್ಲಿ ತೋರಿಸಿದ್ದನು. ಸವೆದು ತಂತಿಯಷ್ಟಾಗಿದ್ದರೆ ಬದಲಿಸಬೇಕು.

ಗೀಸರಿನ ಕೆಳಗೆ ತಣ್ಣೀರಿನ ಕೊಳವೆಗೆ ಜೋಡಿಸಿದ ಪುಟ್ಟ ರಕ್ಷಣಾ ಕವಾಟವೊಂದಿರುತ್ತದೆ. ನೀರು ಕಾದು ಹಿಗ್ಗುವಾಗ ಅದರಿಂದ ಒಂದೆರಡು ಹನಿ ತೊಟ್ಟಿಕ್ಕುವುದು ಸಹಜ. ಬಿಡದೆ ಸುರಿಯುತ್ತಿದ್ದರೆ ಒಳಗೆ ಸುಣ್ಣದ ಚೂರು ಸಿಕ್ಕಿಕೊಂಡಿರಬಹುದು. ಕವಾಟವನ್ನು ಶುಚಿಗೊಳಿಸಬೇಕು ಇಲ್ಲವೇ ಹೊಸದನ್ನು ಹಾಕಿಸಬೇಕು. ನೆಲ ಒದ್ದೆಯಾಗುತ್ತದೆಂದು ಅದರ ಬಾಯಿಗೆ ಬಟ್ಟೆಯ ಬೆಣೆ ಜಡಿದಿರುವ ಮನೆಯಲ್ಲಿ, ಗೀಸರಿನ ಗುಂಡಿ ಒತ್ತುವ ಮೊದಲು ಆ ಬೆಣೆಯನ್ನು ಇಂದೇ ಕೀಳತಕ್ಕದ್ದು.