ಸರ್ವರಿನೊಳಗಿನ ಇಲಿ

ಶಾಲೆಯ ಗಣಕಯಂತ್ರವು ತಡವರಿಸಿದೊಡನೆ, "ಸರ್ವರಿನೊಳಗೆ ಚಕ್ರ ತಿರುಗಿಸುವ ಇಲಿ ನಿದ್ದೆಹೋಯಿತು!" ಎಂದು ನಾವು ನಗುವುದುಂಟು. "ಇಲಿ ಸಾಲದು, ಗಾಣದ ಎತ್ತೇ ಬೇಕು" ಎಂದು ಒಬ್ಬರ ವಾದ. ಕುದುರೆಯೇ ಲೇಸೆಂದು ಮತ್ತೊಬ್ಬರದು. ಲೆಕ್ಕ ಹಾಕಿದೆವು. ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವಾಟ್. ಸರ್ವರೊಂದಕ್ಕೆ 373 ವಾಟ್ ಎಂದುಕೊಂಡರೆ ಕುದುರೆಯೊಂದಕ್ಕೆ ಎರಡು ಸರ್ವರು. ಆದರೆ ಸರ್ವರಿಗೆ ಹಗಲಿರುಳೆಂಬ ಭೇದವಿಲ್ಲ. ಎಂಟೆಂಟು ಗಂಟೆಯ ಪಾಳಿಗೆ ಮೂರು ಕುದುರೆಗಳು ಬೇಕು. ಹುರುಳಿ ಬೇಯಿಸುವವರಾರು? ಲದ್ದಿ ಬಳಿಯುವವರಾರು?

ನಮ್ಮ ಮುಂಬಯಿಯಲ್ಲಿ 1874ರಿಂದ ಟ್ರಾಮನ್ನೆಳೆದುವು ಕುದುರೆಗಳೇ. 1907ರಲ್ಲಿ ವಿದ್ಯುತ್ ಟ್ರಾಮು ಬಂದಿತು. ಕುದುರೆಯ ದಣಿವು ತೀರಿತು, ಮನುಷ್ಯನದು ತೀರಲಿಲ್ಲ. ನಾವು ಗುಂಡಿಯೊತ್ತುವಾಗ ಎಲ್ಲಿಯೋ ವಿದ್ಯುದಾಗಾರದಲ್ಲಿ ಪಾಳಿಯವರು ಎಚ್ಚರವಾಗಿರುತ್ತಾರೆ. ನಮ್ಮಲ್ಲಿ ಕೆಲವರ ತಂದೆಯವರೂ ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬರುವವರೇ. ನಗುವಾಗ ಅವರ ನೆನಪಿರಲಿ.