ಸಾರು ಇಂಗಿದರೆ ಉಪ್ಪಾಗುತ್ತೆ

ಹೊಳೆಹೊನ್ನೂರಿನ ನಮ್ಮ ಮನೆಯಿಂದ ಭದ್ರಾ ಹೊಳೆಗೆ ನಡೆದೇ ಹೋಗಬಹುದು. ಹೊಳೆಯಲ್ಲಿ ಬೇಕಾದಷ್ಟು ಮೀನಿದೆ. ಆದರೂ ನಾವಿಬ್ಬರು ಅಣ್ಣತಮ್ಮಂದಿರು ಸಮುದ್ರದ ಮೀನು ಸಾಕಲು ಹೊರಟೆವು. ಅದೂ ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಮೀನು. ಹೆಸರು ಹಳದಿ ಗೋಬಿ. ಪಕ್ಕದ ಮನೆಯ ಹುಡುಗರು "ಮಂಚೂರಿ ಯಾವಾಗ ಅಣ್ಣ?" ಅಂತ ಇವತ್ತಿಗೂ ಕಾಡಿಸುತ್ತಾರೆ.

ಫೋನಿನಲ್ಲಿ ವಿಡಿಯೊ ನೋಡಿ ಹುಟ್ಟಿದ ಆಸೆ ಅದು. ಈ ಮೀನು ಹವಳದ ಕೊಂಬೆಗಳ ಸಂದಿಯಲ್ಲೇ ಬಾಳುತ್ತದೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳು ಕೂಡಿ ಬಟ್ಟಲಿನಂತಾಗಿವೆ, ಅದರಿಂದಲೇ ಕೊಂಬೆಗೆ ಅಂಟಿ ಕೂರುತ್ತದೆ. ಮೈಮೇಲೆ ಹುರುಪೆ ಇಲ್ಲ, ವಿಷದ ಲೋಳೆ ಇದೆ. ಈ ಜಾತಿಯ ಮೀನುಗಳು ಹವಳದ ಮನೆಗೆ ಬಾಡಿಗೆಯನ್ನೂ ಕೊಡುತ್ತವೆ. ಡೇನಿಯೆಲ್ ಡಿಕ್ಸನ್ ಮತ್ತು ಮಾರ್ಕ್ ಹೇ ಎಂಬ ವಿಜ್ಞಾನಿಗಳು ಫಿಜಿ ದ್ವೀಪದಲ್ಲಿ ಇದನ್ನು ಕಂಡು 2012ರಲ್ಲಿ ಬರೆದರು. ವಿಷದ ಪಾಚಿ ತಾಗಿದರೆ ಹವಳ ನೀರಿಗೆ ಒಂದು ರಾಸಾಯನಿಕ ಬಿಡುತ್ತದೆ. ಕೆಲವೇ ನಿಮಿಷಗಳಲ್ಲಿ ಗೋಬಿಗಳು ಬಂದು ಆ ಪಾಚಿಯನ್ನು ಕತ್ತರಿಸುತ್ತವೆ. ಕೂಗಿದರೆ ಓಡಿ ಬರುವ ನೆರೆಮನೆಯವರ ಹಾಗೆ.

ಮೀನು ಮಾರಿದವರು "ಜೊತೆಗೆ ಒಂದು ತುಂಡು ಹವಳನೂ ಕಳಿಸ್ಲಾ?" ಅಂದರು. ನಾವು ಹ್ಞೂಂ ಅನ್ನುವುದರಲ್ಲಿದ್ದೆವು. ಆಮೇಲೆ ಗೊತ್ತಾಯಿತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಅನುಸೂಚಿಯಲ್ಲೇ ಕಲ್ಲುಹವಳವೂ ಇದೆ ಅಂತ. ಬೇಡ ಅಂದುಬಿಟ್ಟೆವು. ಪಿಂಗಾಣಿಯ ಕೊಂಬೆ ತರಿಸಿದೆವು. ಮೀನಿಗೆ ಮೋಸ ಮಾಡಿದಂತೆ ಅನ್ನಿಸಿತು, ನಿಜ.

ನೂರು ಲೀಟರಿನ ತೊಟ್ಟಿ. ಬೋರ್‌ವೆಲ್ ನೀರು ಆಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಐದು ಕ್ಯಾನ್ ತಂದೆವು. ಅಂಗಡಿಯ ಉಪ್ಪೂ ನಡೆಯದು, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು. ಲೀಟರಿಗೆ 35 ಗ್ರಾಂ, ಅಂದರೆ ತೊಟ್ಟಿಗೆ ಮೂರೂವರೆ ಕೆಜಿ. ಹಾಕಿದ ತಕ್ಷಣ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುವ ಹಾಗೆ, ಆದರೆ ಒಂದು ರಾತ್ರಿಯಲ್ಲ, ಒಂದು ತಿಂಗಳಿಗೂ ಹೆಚ್ಚು ಖಾಲಿ ತೊಟ್ಟಿ ನೋಡುತ್ತಾ ಕೂತೆವು.

ಎರಡು ಮೀನು ಆಕ್ಸಿಜನ್ ತುಂಬಿದ ಕವರಿನಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವು. ಒಣ ತಿಂಡಿ ಹಾಕಿದರೆ ಮೂಸಿಯೂ ನೋಡಲಿಲ್ಲ. ಆರ್ಟೀಮಿಯ ಅಂತ ಸಣ್ಣ ಸಿಗಡಿಯಂಥ ಜೀವಿ ಇದೆ. ಅದರ ಮೊಟ್ಟೆ ರಾಗಿ ಹಿಟ್ಟಿನಂತೆ ಕಾಣುತ್ತದೆ. ತಲೆಕೆಳಗಾದ ಬಾಟಲಿಯಲ್ಲಿ ಉಪ್ಪುನೀರು, ಗಾಳಿ ಪಂಪು ಇಟ್ಟರೆ ಒಂದು ದಿನದಲ್ಲಿ ಮರಿ. ಅದನ್ನು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಕೊಟ್ಟೆವು. ಹೊಟ್ಟೆ ಒಳಗೆ ಹೋಗಿತ್ತಲ್ಲ, ತುಂಬಿಕೊಂಡಿತು.

ಏಪ್ರಿಲ್ ಬಂತು. ತೊಟ್ಟಿಯ ನೀರು 31 ಡಿಗ್ರಿ ದಾಟಿತು. ತಣ್ಣಗಾಗಲಿ ಅಂತ ಟೇಬಲ್ ಫ್ಯಾನ್ ತಿರುಗಿಸಿ ಇಟ್ಟೆವು. ಫ್ಯಾನಿನ ಗಾಳಿಗೆ ನೀರು ಬೇಗ ಆರುತ್ತಿತ್ತು, ದಿನಕ್ಕೆ ಎರಡು ಲೀಟರ್. ಕಡಿಮೆಯಾದಷ್ಟು ಉಪ್ಪುನೀರು ಕಲಸಿ ಸುರಿಯುತ್ತಾ ಹೋದೆವು. ಹತ್ತು ದಿನ ಹಾಗೇ ಮಾಡಿದೆವು.

ಅಮ್ಮ ಒಂದು ದಿನ ನೋಡಿದಳು. "ಅಲ್ಲ ಕಣ್ರೋ, ಒಲೆ ಮೇಲೆ ಸಾರು ಇಂಗಿದ್ರೆ ಬರೀ ನೀರು ತಾನೆ ಹಾಕೋದು? ಮತ್ತೆ ಉಪ್ಪು ಹಾಕ್ತಾರಾ?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆವಿಯಾಗಿದ್ದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿತ್ತು. ಲೆಕ್ಕ ಹಾಕಿದರೆ ಮೂರೂವರೆ ಕೆಜಿ ಇರಬೇಕಾದ ಕಡೆ 4.2 ಕೆಜಿ. ಆ ಸಂಜೆಯೇ ಚಿಕ್ಕದು ಕೊಂಬೆಯಿಂದ ಜಾರಿ ಮರಳ ಮೇಲೆ ಮಲಗಿತ್ತು. ಬೆಳಿಗ್ಗೆ ಸತ್ತಿತ್ತು. ಬಿಸಿಲಿಗೆ ಸತ್ತಿತು ಅಂತ ಹೇಳಿಕೊಂಡು ತಿರುಗಬಹುದಿತ್ತು. ಕೊಂದಿದ್ದು ನಾವು.

ಇನ್ನೊಂದನ್ನು ಉಳಿಸಲು ಒಮ್ಮೆಗೇ ಸಿಹಿನೀರು ಸುರಿಯಲಿಲ್ಲ. ದಿನಾ ಸ್ವಲ್ಪ ಉಪ್ಪುನೀರು ತೆಗೆದು ಸ್ವಲ್ಪ ಸಿಹಿನೀರು ಸೇರಿಸುತ್ತಾ ಒಂದು ವಾರದಲ್ಲಿ ಸರಿಗೆ ತಂದೆವು.

"ಪಾಪ, ಹೊಳೆಗೆ ಬಿಟ್ಟುಬಿಡ್ರಪ್ಪಾ" ಅಂದರು ಅಜ್ಜ. ಭದ್ರೆಯ ಸಿಹಿನೀರಿಗೆ ಬಿಟ್ಟರೆ ಅದು ಒಂದು ದಿನವೂ ಬಾಳದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಆದರೆ ಯಾವ ಸಮುದ್ರದಿಂದ ಹಿಡಿದು ತಂದ ಮೀನೋ, ಯಾವ ರೋಗ ಹೊತ್ತಿದೆಯೋ, ಅಲ್ಲಿ ಬಿಡುವುದೂ ತಪ್ಪು. ತರುವ ದಾರಿ ಇತ್ತು, ಕಳಿಸುವ ದಾರಿ ಇಲ್ಲ. ತರುವ ಮೊದಲು ಇದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನು ಹೊಸ ಮೀನು ತರುವುದಿಲ್ಲ ಅಂತ ತೀರ್ಮಾನಿಸಿದ್ದೇವೆ. ಇರುವುದನ್ನು ನೋಡಿಕೊಳ್ಳುವುದು. ಕರೆಂಟು ಹೋದಾಗ ಗಾಳಿ ನಿಲ್ಲದಿರಲಿ ಅಂತ ಬ್ಯಾಟರಿ ಪಂಪು ತಂದಿದ್ದೇವೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿದೆ. ಬೆಳಿಗ್ಗೆ ಕಾಫಿ ಇಟ್ಟು ಅಮ್ಮನೇ ಒಂದು ಲೋಟದಲ್ಲಿ ಕ್ಯಾನಿನ ಸಿಹಿನೀರು ತಂದು ಆ ಗೆರೆಯವರೆಗೆ ಸುರಿಯುತ್ತಾಳೆ. ಗೋಬಿ ಕೊಂಬೆ ಬಿಟ್ಟು ಕದಲುವುದಿಲ್ಲ, ಕಣ್ಣು ಮಾತ್ರ ಲೋಟದ ಕಡೆ ತಿರುಗಿಸುತ್ತದೆ.