ಕಡಲಿನಿಂದ ಬಂದ ಗಾಳಿ

ಗಾಳಿಯನ್ನು ಚಿತ್ರಿಸುವುದೆಂತು? ಅದಕ್ಕೆ ರೂಪವಿಲ್ಲ, ವರ್ಣವಿಲ್ಲ. ತಾನು ತಾಗಿದ ವಸ್ತುವಿನ ಚಲನೆಯಲ್ಲಿಯೇ ಅದು ತನ್ನ ಇರವನ್ನು ಪ್ರಕಟಿಸಬೇಕು. ಅಮೇರಿಕೆಯ ಚಿತ್ರಕಾರ ಆಂಡ್ರ್ಯೂ ವೈಯೆತ್ (1917–2009) 1947ರಲ್ಲಿ ರಚಿಸಿದ ‘ಕಡಲಿನಿಂದ ಬಂದ ಗಾಳಿ’ ಎಂಬ ಚಿತ್ರದ ಮುದ್ರಿತ ಪ್ರತಿಯೊಂದನ್ನು ಭಕ್ತರೊಬ್ಬರು ತಂದಿತ್ತಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ವೈಯೆತ್‌ನದು ಜಲವರ್ಣದಲ್ಲಿ ಪಳಗಿದ ಕೈ. 1937ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಆತನ ಮೊದಲ ಪ್ರದರ್ಶನದ ಜಲವರ್ಣ ಚಿತ್ರಗಳೆಲ್ಲವೂ ಮಾರಾಟವಾದವು. ಆಗ ಆತನಿಗೆ ಇಪ್ಪತ್ತರ ಹರೆಯ. ಜಲವರ್ಣದಲ್ಲಿ ಬಿಳುಪೆಂದರೆ ಬಹುಮಟ್ಟಿಗೆ ಬಣ್ಣ ಬಳಿಯದೆ ಉಳಿಸಿದ ಕಾಗದವೇ. ನೀರು ಆರುವ ಮೊದಲೇ ಕೈ ನಿರ್ಧರಿಸಬೇಕು. ತಿದ್ದುಪಡಿಗೆ ಅಲ್ಲಿ ಅವಕಾಶ ಅತ್ಯಲ್ಪ. ಗಾಳಿಗೆ ಅದೇ ಉಚಿತವಾದ ಮಾಧ್ಯಮವೆಂದು ಯಾರಿಗಾದರೂ ತೋರೀತು. ಆದರೆ ಈ ಚಿತ್ರಕ್ಕೆ ಆತ ಆರಿಸಿಕೊಂಡುದು ಟೆಂಪೆರಾ ಪದ್ಧತಿಯನ್ನು. ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸಿ (ನಮ್ಮ ವಾಚಕರು ಮನ್ನಿಸಬೇಕು!) ಸಣ್ಣ ಕುಂಚದಿಂದ ಎಳೆಯೆಳೆಯಾಗಿ, ಪದರದ ಮೇಲೆ ಪದರವಾಗಿ ಬರೆಯುವ ನಿಧಾನದ ಕೆಲಸವದು. ಕ್ಷಣಮಾತ್ರ ಬೀಸಿ ಹೋದುದಕ್ಕೆ ಅಷ್ಟು ದೀರ್ಘವಾದ ಸಾವಧಾನ!

ಮೇನ್ ಪ್ರಾಂತದ ಕುಶಿಂಗ್ ಎಂಬಲ್ಲಿ ಓಲ್ಸನ್ ಮನೆತನದ ಹಳೆಯ ಮರದ ಮನೆಯಿದೆ. ಅಲ್ಲಿ ಕ್ರಿಸ್ಟೀನಾ ಎಂಬಾಕೆಯೂ ಆಕೆಯ ತಮ್ಮ ಆಲ್ವಾರೋವೂ ವಾಸವಾಗಿದ್ದರು. ಬೇಸಿಗೆಯ ಒಂದು ದಿನ, ಬಹುಕಾಲ ಬಳಕೆಯಿಲ್ಲದ ಮೇಲಂತಸ್ತಿನ ಕೋಣೆಯ ಕಿಟಕಿಯನ್ನು ವೈಯೆತ್ ಸೆಕೆ ತಾಳಲಾರದೆ ತೆರೆದ. ಜೀರ್ಣವಾದ ಜಾಲರಿ ಪರದೆಗಳು ಒಮ್ಮೆಲೇ ಒಳಕ್ಕೆ ಹಾರಿದವು. ಚಿತ್ರದಲ್ಲಿರುವುದು ಇಷ್ಟೇ: ಹರಕು ಪರದೆ, ಅದರಲ್ಲಿ ಹೆಣೆದ ಹಕ್ಕಿಗಳು, ಹೊರಗೆ ಒಣಹುಲ್ಲಿನ ಬಯಲು, ಗಾಲಿಗಳ ಜಾಡು, ಕಪ್ಪು ಮರಗಳ ಸಾಲು. ಕಡಲಾದರೋ ದೂರದಲ್ಲೊಂದು ಬಿಳಿಯ ಗೀರು ಮಾತ್ರ.

ಕ್ರಿಸ್ಟೀನಾ ನಡೆಯುವ ಶಕ್ತಿಯನ್ನು ಕಳೆದುಕೊಂಡಿದ್ದಳು. ಗಾಲಿಕುರ್ಚಿಯನ್ನು ಒಲ್ಲದೆ, ಕೈಗಳನ್ನೂರಿ ತೆವಳಿಯೇ ಮನೆ, ಹೊಲಗಳಲ್ಲಿ ಸಂಚರಿಸುತ್ತಿದ್ದಳು. ಮರುವರ್ಷ, 1948ರಲ್ಲಿ, ವೈಯೆತ್ ಹೊಲದಲ್ಲಿರುವ ಆಕೆಯನ್ನೇ ಚಿತ್ರಿಸಿದ; ‘ಕ್ರಿಸ್ಟೀನಳ ಜಗತ್ತು’ ಲೋಕವಿಖ್ಯಾತವಾಯಿತು. ನಮಗೆ ಮಾತ್ರ ಕಿಟಕಿಯ ಚಿತ್ರವೇ ಮಿಗಿಲೆನಿಸುತ್ತದೆ. ಅಂಗವಿಕಲರನ್ನು ಕಂಡೊಡನೆ ನಮ್ಮಿಂದ ‘ಅಯ್ಯೋ ಪಾಪ’ ಎಂಬ ಉದ್ಗಾರ ಹೊರಡುತ್ತದೆ. ಅದರೊಡನೆ ಆ ವ್ಯಕ್ತಿ ಮರೆಯಾಗಿ ಊನವೊಂದೇ ಕಣ್ಣಿಗೆ ಉಳಿಯುತ್ತದೆ. ಹೊಲದ ಚಿತ್ರದಲ್ಲಿ ಈ ಅಪಾಯ ಇಲ್ಲದಿಲ್ಲ. ಕಿಟಕಿಯ ಚಿತ್ರದಲ್ಲಾದರೋ ಆಕೆ ಇಲ್ಲವೇ ಇಲ್ಲ. ಆಕೆಯ ಮನೆಯಿದೆ, ಆಕೆ ಹತ್ತಿ ಬರಲಾರದ ಕೋಣೆಗೆ ಬಂದ ಗಾಳಿಯಿದೆ. ಪರದೆಯ ಹರಕನ್ನು ಬಡತನವೆಂದು ಮರುಗುವವರು ಆ ಹಕ್ಕಿಗಳನ್ನು ನೋಡಿಲ್ಲವೆಂದೇ ನಮ್ಮ ಭಾವನೆ. ನೂಲು ಸವೆದಿದೆ, ಹಕ್ಕಿಗಳು ಹಾರುತ್ತಲೇ ಇವೆ.

ಆಲ್ವಾರೋ 1967ರ ಕೊನೆಯಲ್ಲಿ ತೀರಿಕೊಂಡ. ಕೆಲವೇ ವಾರಗಳಲ್ಲಿ, 1968ರ ಜನವರಿಯಲ್ಲಿ, ಅಕ್ಕನೂ ಹೋದಳು. ಚಿತ್ರವು ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ಮನೆಯನ್ನು ಫಾರ್ನ್ಸ್‌ವರ್ತ್ ಕಲಾ ವಸ್ತುಸಂಗ್ರಹಾಲಯವು ಕಾಪಾಡಿಕೊಂಡು ಬಂದಿದೆ. ಅದರ ಸಮೀಪದ ಸಣ್ಣ ಶ್ಮಶಾನದಲ್ಲಿ ಓಲ್ಸನ್ನರ ಬಳಿಯಲ್ಲಿಯೇ ವೈಯೆತ್‌ನನ್ನೂ ಮಣ್ಣು ಮಾಡಿದ್ದಾರೆ.